ನೇರಳೆ ಬಟ್ಟೆ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ – ಸಭೆಯೊಳಗಿನ ವರಗಳನ್ನು ಹುಡುಕುವುದು ಹೇಗೆ?

ಬೆಳಗಿನ ಗಂಟೆ | ಡಿಸೆಂಬರ್ 2, ರಾತ್ರಿ 9:40

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಉತ್ತರ ಕರ್ನಾಟಕದ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಸುಮಾರು 110 ಮನೆಗಳ ಸಭೆ. ಈ ವರ್ಷ ಸಮಿತಿಯ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂದಿದೆ.

ನವೆಂಬರ್ 30, ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರ. ಹಸಿರು ಬಟ್ಟೆ ತೆಗೆದು ಕರ್ತನ ಮೇಜಿಗೆ ನೇರಳೆ ಹೊದಿಸಬೇಕು. ಬೆಳಿಗ್ಗೆ 7 ಗಂಟೆಗೆ ಹೋಗಿ ನೋಡಿದರೆ ಹಸಿರೇ ಇದೆ. ವೆಸ್ಟ್ರಿಯ (ಆರಾಧನೆಯ ಸಾಮಾನು ಇಡುವ ಕೋಣೆಯ) ಕಪಾಟು ಹುಡುಕಿದೆವು, ಇಲ್ಲ. ಪಾಸ್ಟರ್ ಅಯ್ಯನವರನ್ನು ಕೇಳಿದೆವು, ಅವರು ಬಂದು ಎರಡೇ ವರ್ಷ, ಅವರಿಗೂ ಗೊತ್ತಿಲ್ಲ. ಆಗ ಘಂಟೆ ಹೊಡೆಯುವ ಅಣ್ಣ ಮೆಲ್ಲಗೆ ಹೇಳಿದರು, "ಅದೆಲ್ಲ ಟೈಲರ್ ಅಜ್ಜಿ ಮಾಡುತ್ತಿದ್ದರಲ್ಲವೇ." ಆ ಅಜ್ಜಿ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದಾರೆ.

ಆರಾಧನೆ ಹಸಿರು ಬಟ್ಟೆಯ ಮುಂದೆಯೇ ನಡೆಯಿತು. ಮಧ್ಯಾಹ್ನ ಅವರ ಮನೆಗೆ ಹೋದೆ. ಸೊಸೆ ಮಂಚದ ಕೆಳಗಿನಿಂದ ಒಂದು ಟ್ರಂಕು ಎಳೆದರು. ನೇರಳೆ, ಬಿಳಿ, ಕೆಂಪು, ಒಂದೊಂದೂ ಇಸ್ತ್ರಿಯಾಗಿ ಹಳೆಯ ಸೀರೆಯಲ್ಲಿ ಸುತ್ತಿದೆ, ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆ. ಪ್ರತಿ ಗಂಟಿನ ಮೇಲೂ ಒಂದು ಚೀಟಿ: "ಕೆಂಪು, ಪಂಚಾಶತ್ತಮ, ಒಂದೇ ವಾರ. ತಣ್ಣೀರಿನಲ್ಲಿ ಮಾತ್ರ ಒಗೆಯುವುದು." ಸೊಸೆ ಲೆಕ್ಕ ಹಾಕಿ ಹೇಳಿದರು, 26 ವರ್ಷ. ಬಟ್ಟೆಯ ಹಣವೂ ಅವರದೇ. ಸಭೆಯ ಒಂದು ವರದಿಯಲ್ಲೂ ಅವರ ಹೆಸರಿಲ್ಲ. ನಾನು ಹಿಂದಿನ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ.

ಈಗ ಪ್ರಶ್ನೆ. ದೇವರು ಒಬ್ಬೊಬ್ಬರಿಗೆ ಕೊಟ್ಟ ಸಾಮರ್ಥ್ಯವನ್ನು ವರ ಎನ್ನುತ್ತೇವೆ. ನಮ್ಮ ಸಭೆಯಲ್ಲಿ "ವರ" ಎಂದರೆ ಹಾಡುವುದು, ಪ್ರಾರ್ಥಿಸುವುದು, ಪ್ರಸಂಗ ಮಾಡುವುದು. ಅದೂ ನಾಲ್ಕೈದು ಮನೆಗಳವರೇ. ಉಳಿದವರು ಬೆಂಚಿನ ಮೇಲೆ ಕುಳಿತು ಎದ್ದು ಹೋಗುತ್ತಾರೆ. ಎಲ್ಲರಿಗೂ ಒಂದು ಫಾರಂ ಹಂಚಿ "ನಿಮ್ಮಲ್ಲಿರುವ ವರ ಯಾವುದು, ಬರೆಯಿರಿ" ಎಂದು ಕೇಳೋಣ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದ್ದಾರೆ. ನಿಮ್ಮ ಸಭೆಗಳಲ್ಲಿ ಹಾಗೆ ಮಾಡಿದ್ದೀರಾ? ಇನ್ನೊಬ್ಬರು ತೀರಿಕೊಂಡ ಮೇಲೆ ಟ್ರಂಕು ತೆರೆಯುವ ಪರಿಸ್ಥಿತಿ ನನಗೆ ಬೇಡ.

ಹಾರ್ಮೋನಿಯಂ ಮೇಷ್ಟ್ರು | ಡಿಸೆಂಬರ್ 2, ರಾತ್ರಿ 10:15

ತಂಗಿ, ಓದಿ ಗಂಟಲು ಕಟ್ಟಿತು.

ಫಾರಂ ಬೇಡ. ನಮ್ಮಲ್ಲಿ ಐದು ವರ್ಷದ ಹಿಂದೆ ಮಾಡಿದೆವು. ತುಂಬಿ ಬಂದವು ನಲವತ್ತು, ಅವುಗಳಲ್ಲಿ ಮೂವತ್ತರಲ್ಲಿ "ಹಾಡುವುದು" ಎಂದು ಬರೆದಿತ್ತು. ಫಾರಂ ಕೊಟ್ಟರೆ ಜನ ಸಭೆಯಲ್ಲಿ ಈಗಾಗಲೇ ಯಾವುದಕ್ಕೆ ಮರ್ಯಾದೆ ಇದೆಯೋ ಅದನ್ನೇ ಬರೆಯುತ್ತಾರೆ. ನಿಮ್ಮ ಟೈಲರ್ ಅಜ್ಜಿಗೆ ಫಾರಂ ಕೊಟ್ಟಿದ್ದರೆ ಏನು ಬರೆಯುತ್ತಿದ್ದರು? "ಏನೂ ಇಲ್ಲ" ಎಂದು ಬರೆದು ಮಡಚಿ ಕೊಡುತ್ತಿದ್ದರು.

ಲೆಕ್ಕದ ಪುಸ್ತಕ | ಡಿಸೆಂಬರ್ 2, ರಾತ್ರಿ 10:31

ಮೇಷ್ಟ್ರೇ, ನಾನು ಒಪ್ಪುವುದಿಲ್ಲ. ಫಾರಂ ಇಲ್ಲದಿದ್ದರೆ ಕಾರ್ಯದರ್ಶಿಗೆ ಪರಿಚಯ ಇರುವವರಿಗೆ ಮಾತ್ರ ಕರೆ ಬರುತ್ತದೆ. ಹೊಸದಾಗಿ ಊರಿಗೆ ಬಂದವರು, ಬಾಡಿಗೆ ಮನೆಯವರು, ಸೊಸೆಯಂದಿರು ಎಲ್ಲರೂ ಹೊರಗೇ ಉಳಿಯುತ್ತಾರೆ. ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ ನಡೆಯಲಿ ಎಂದು ಪೌಲನು ಬರೆದದ್ದು (1 ಕೊರಿಂಥ 14:40) ಇದೇ ವರಗಳ ವಿಚಾರವನ್ನು ಮುಗಿಸುವಾಗ. ಕಾಗದದ ಮೇಲೆ ಇದ್ದರೆ ಅಜ್ಜಿಯ ಹೆಸರು ವರದಿಗೂ ಬರುತ್ತಿತ್ತು, ಬಟ್ಟೆ ಎಲ್ಲಿದೆ ಎಂದೂ ಗೊತ್ತಾಗುತ್ತಿತ್ತು.

ನೇತ್ರಾವತಿ ತೀರ | ಡಿಸೆಂಬರ್ 2, ರಾತ್ರಿ 11:02

ಫಾರಂ ಬೇಕು, ಆದರೆ ಅದನ್ನು ತುಂಬಬೇಕಾದವರು ಬೇರೆ. ನನ್ನ ವರವನ್ನು ನಾನು ಬರೆಯುವುದಲ್ಲ, ನನ್ನ ಪಕ್ಕದ ಬೆಂಚಿನವರ ವರವನ್ನು ನಾನು ಬರೆಯಬೇಕು.

ಬೆಳಗಿನ ಗಂಟೆ | ಡಿಸೆಂಬರ್ 2, ರಾತ್ರಿ 11:10

ಇದು ನನಗೆ ಹೊಳೆದೇ ಇರಲಿಲ್ಲ. ಬರೆದಿಟ್ಟುಕೊಂಡೆ.

ವೇದಶಾಲೆಯ ವಿದ್ಯಾರ್ಥಿ | ಡಿಸೆಂಬರ್ 3, ಬೆಳಿಗ್ಗೆ 6:20

ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಹೊಸ ಒಡಂಬಡಿಕೆಯಲ್ಲಿ ವರಗಳ ಪಟ್ಟಿ ಒಂದೇ ಕಡೆ ಇಲ್ಲ. ರೋಮಾ 12, 1 ಕೊರಿಂಥ 12, ಎಫೆಸ 4, 1 ಪೇತ್ರ 4, ನಾಲ್ಕೂ ಕಡೆ ಇದೆ, ನಾಲ್ಕೂ ಬೇರೆ ಬೇರೆ. ಒಂದು ಪಟ್ಟಿಯಲ್ಲಿ ಇರುವ ಎಷ್ಟೋ ವರಗಳು ಇನ್ನೊಂದರಲ್ಲಿ ಇಲ್ಲ. ಹಾಗಾಗಿ "ವರ ಎಂದರೆ ಇಷ್ಟೇ" ಎಂದು ಬೇಲಿ ಹಾಕಲು ವೇದದಲ್ಲಿ (ಬೈಬಲಿನಲ್ಲಿ) ಆಧಾರವಿಲ್ಲ. ರೋಮಾ 12ರಲ್ಲಿ ಪ್ರವಾದನೆಯ ಸಾಲಿನಲ್ಲೇ ದಾನ ಕೊಡುವುದೂ ಕಷ್ಟದಲ್ಲಿರುವವರಿಗೆ ಕರುಣೆ ತೋರಿಸುವುದೂ ಬರುತ್ತವೆ. ಪೇತ್ರನಂತೂ ವರ ಪಡೆದವರನ್ನು ಮನೆವಾರ್ತೆಯವರು ಎಂದು ಕರೆಯುತ್ತಾನೆ. ಮನೆವಾರ್ತೆಯವನ ಕೈಯಲ್ಲಿರುವ ಉಗ್ರಾಣ ಅವನ ಸ್ವಂತದ್ದಲ್ಲ, ಮನೆಯವರೆಲ್ಲರ ಹೊಟ್ಟೆಗೆ ಇರುವಂಥದ್ದು.

ಅಜ್ಜಿಯ ವಿಷಯಕ್ಕೆ ಬಂದರೆ ವಿಮೋಚನಕಾಂಡ 31 ಓದಿ. ದೇವದರ್ಶನದ ಗುಡಾರ ಕಟ್ಟುವಾಗ ಬೆಚಲೇಲನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದನು ಎಂದಿದೆ. ಯಾವುದಕ್ಕೆ? ಲೋಹದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಅವನ ಜೊತೆಗಾರ ಒಹೊಲೀಯಾಬನು ಕಸೂತಿಯವನು. 35ನೆಯ ಅಧ್ಯಾಯದಲ್ಲಿ ಹೆಂಗಸರು ಕೈಯಾರೆ ನೂತ ನೂಲನ್ನು ತಂದು ಕೊಡುತ್ತಾರೆ, ಅದರಲ್ಲಿ ನೇರಳೆಯ ನೂಲೂ ಇತ್ತು.

ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ದೊರ್ಕಳು ಸತ್ತಾಗ ವಿಧವೆಯರು ಅಳುತ್ತ ನಿಂತು ಪೇತ್ರನಿಗೆ ತೋರಿಸಿದ್ದು ಏನನ್ನು? ಅವಳು ಹೊಲಿದುಕೊಟ್ಟ ಅಂಗಿಗಳನ್ನು. ನೀವು ಟ್ರಂಕಿನ ಮುಂದೆ ಕುಳಿತ ಆ ಮಧ್ಯಾಹ್ನವನ್ನು ಓದುವಾಗ ನನಗೆ ಅದೇ ನೆನಪಾಯಿತು.

ಅಡುಗೆ ಮನೆ ಅಕ್ಕ | ಡಿಸೆಂಬರ್ 3, ಬೆಳಿಗ್ಗೆ 11:45

ತಮ್ಮಾ, ಚೆನ್ನಾಗಿ ಬರೆದಿದ್ದೀಯ. ಇನ್ನು ನನ್ನ ಮಾತು ಸ್ವಲ್ಪ ಖಾರವಾಗಿರುತ್ತದೆ.

ಪ್ರತಿ ವರ್ಷ ಸುಗ್ಗಿ ಹಬ್ಬಕ್ಕೆ ನಾವು ಸ್ತ್ರೀ ಸಭೆಯ ಹನ್ನೆರಡು ಹೆಂಗಸರು 400 ಜನರ ಅಡುಗೆ ಮಾಡುತ್ತೇವೆ. ಹಿಂದಿನ ರಾತ್ರಿ ಈರುಳ್ಳಿ ಹೆಚ್ಚಿ ಮುಗಿಸುವಾಗ ಒಂದು ಗಂಟೆ. ಬೆಳಿಗ್ಗೆ ಆರಾಧನೆ ನಡೆಯುವಾಗ ನಾವು ಹಿಂದೆ ಒಲೆಯ ಹತ್ತಿರ, ಸ್ಪೀಕರಿನಲ್ಲಿ ಹಾಡು ಕೇಳುತ್ತೇವೆ. ಕೊನೆಯಲ್ಲಿ ವಂದನಾರ್ಪಣೆ ಮಾಡುವವರು "ಸ್ತ್ರೀ ಸಭೆಯವರಿಗೂ ವಂದನೆಗಳು" ಎನ್ನುತ್ತಾರೆ, ಅರ್ಧ ವಾಕ್ಯ. ನಮ್ಮ ಹನ್ನೆರಡು ಜನರಲ್ಲಿ ಒಬ್ಬರು ಗಣಿತದ ಲೆಕ್ಚರರ್, ಒಬ್ಬರು ವೇದವನ್ನು ಅರೆದು ಕುಡಿದವರು. ಅವರನ್ನು ಸಮಿತಿಗೆ ಬನ್ನಿ, ಪ್ರಸಂಗ ಮಾಡಿ ಎಂದು ಒಬ್ಬರೂ ಕೇಳಿಲ್ಲ. ಅಡುಗೆಯನ್ನು ಹೊಗಳಿ ಅಲ್ಲೇ ಕೂರಿಸಿದ್ದಾರೆ.

ಅಪೊಸ್ತಲರ ಕೃತ್ಯಗಳು 6 ಓದಿ. ಊಟ ಬಡಿಸುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದರು. ಏಳೂ ಜನ ಗಂಡಸರು! ಅವರಲ್ಲಿ ಒಬ್ಬನಾದ ಸ್ತೆಫನನು ಮುಂದಿನ ಅಧ್ಯಾಯದಲ್ಲಿ ಮಾಡಿದ ಪ್ರಸಂಗ ಆ ಪುಸ್ತಕದಲ್ಲೇ ಅತಿ ಉದ್ದನೆಯದು. ಬಡಿಸುವ ಕೈಗೂ ಬೋಧಿಸುವ ಬಾಯಿಗೂ ಅವರು ಗೋಡೆ ಕಟ್ಟಿರಲಿಲ್ಲ. ನಾವು ಕಟ್ಟಿದ್ದೇವೆ.

ಲೆಕ್ಕದ ಪುಸ್ತಕ | ಡಿಸೆಂಬರ್ 3, ಮಧ್ಯಾಹ್ನ 1:10

ಅಕ್ಕಾ, ನಿಮ್ಮ ಮಾತಿಗೆ ಎದುರಾಡಲು ಏನೂ ಇಲ್ಲ. ಸಿ.ಎಸ್.ಐ.ಯಲ್ಲಿ 2013ರಲ್ಲೇ ನಂದ್ಯಾಲಕ್ಕೆ ಮಹಿಳಾ ಬಿಷಪ್ ಬಂದಾಯಿತು. ನಮ್ಮ ಊರಿನ ಅಡುಗೆ ಮನೆಯವರೆಗೆ ಆ ಸುದ್ದಿ ಇನ್ನೂ ತಲುಪಬೇಕಾಗಿದೆ.

ಕಡಲ ಹೆಂಚು | ಡಿಸೆಂಬರ್ 3, ಮಧ್ಯಾಹ್ನ 3:25

ಕೈಕೆಲಸದ ಮಾತು ಬಂದದ್ದು ಒಳ್ಳೆಯದಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಕಟ್ಟಿದ ನಮ್ಮ ಸಭೆಗಳ ಬೇರು ಇರುವುದೇ ಕೈಕೆಲಸದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದವರು ಮೊದಲು ಶಾಲೆ ತೆರೆದರು, ಆಮೇಲೆ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. ದೀಕ್ಷಾಸ್ನಾನ ಪಡೆದವರನ್ನು ಮನೆಯಿಂದಲೂ ಜಾತಿಯಿಂದಲೂ ಹೊರಗೆ ಹಾಕಿದಾಗ ಕೈಗೊಂದು ಕೆಲಸ ಬೇಕಿತ್ತು. ನನ್ನ ಮುತ್ತಜ್ಜ ಹೆಂಚಿನ ಅಚ್ಚಿನವರು. ಅಂದಿನ ಸಭೆಯಲ್ಲಿ ಕುಶಲಕರ್ಮಿ ಎಂದರೆ ಗೌರವ ಇತ್ತು. ಕಿಟೆಲ್ ಅವರು ಮಂಗಳೂರ ಸಮಾಚಾರ ಪತ್ರಿಕೆ ತಂದಾಗಲೂ ಕಲ್ಲಚ್ಚಿನ ಕೆಲಸ ಮಾಡಿದವರು ನಮ್ಮವರೇ.

ನೇತ್ರಾವತಿ ತೀರ | ಡಿಸೆಂಬರ್ 3, ಮಧ್ಯಾಹ್ನ 3:40

ಸಣ್ಣ ತಿದ್ದುಪಡಿ. ಮಂಗಳೂರ ಸಮಾಚಾರ ತಂದವರು ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1843ರಲ್ಲಿ. ಕಿಟೆಲ್ ಭಾರತಕ್ಕೆ ಬಂದದ್ದೇ 1853ರಲ್ಲಿ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ.

ಕಡಲ ಹೆಂಚು | ಡಿಸೆಂಬರ್ 3, ಮಧ್ಯಾಹ್ನ 3:52

ಹೌದು, ನನ್ನದು ತಪ್ಪು. ಧನ್ಯವಾದ.

ಬೆಟಗೇರಿ ಮಗ್ಗ | ಡಿಸೆಂಬರ್ 3, ಸಂಜೆ 5:05

ಕಡಲ ಹೆಂಚು ಅಣ್ಣ, ಗೌರವ ಇತ್ತು ಎನ್ನುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕಾರ್ಖಾನೆಯ ಕೆಲಸ ಸಂಬಳದ ಕೆಲಸ. ಅದನ್ನು ಆರಾಧನೆಯಲ್ಲಿ ತಂದು ಅರ್ಪಿಸಿದವರು ಯಾರು? ನಮ್ಮ ಮನೆಯಲ್ಲಿ ಮೂರು ತಲೆಮಾರು ಮಗ್ಗ. ನನ್ನ ತಂದೆ ನೇಯ್ದ ಬಟ್ಟೆ ಒಮ್ಮೆಯೂ ಚರ್ಚಿನೊಳಗೆ ಹೋಗಲಿಲ್ಲ. ಅಲ್ಲಿಗೆ ಬೆಂಗಳೂರಿನಿಂದ ಮಖಮಲ್ ಬರುತ್ತಿತ್ತು. ಅವರಿಗೆ ಅದರ ನೋವು ಕೊನೆಯವರೆಗೂ ಇತ್ತು. ಒಂದು ಬಾರಿ ಮಾತ್ರ ಬಾಯಿ ಬಿಟ್ಟು ಹೇಳಿದ್ದರು.

ಕಡಲ ಹೆಂಚು | ಡಿಸೆಂಬರ್ 3, ಸಂಜೆ 5:30

ನಿಮ್ಮ ತಂದೆಯವರ ಮಾತು ಕೇಳಿ ಸುಮ್ಮನಾದೆ. ನೀವು ಹೇಳಿದ್ದು ಸರಿ ಇರಬಹುದು. ಗೌರವ ಎಂದು ನಾವು ನೆನಪಿಟ್ಟುಕೊಂಡಿರುವುದರಲ್ಲಿ ಎಷ್ಟೋ ಭಾಗ ಮಾಲೀಕರ ಕಡೆಯ ಕಥೆ.

ಗಡಿನಾಡ ತಮಟೆ | ಡಿಸೆಂಬರ್ 4, ರಾತ್ರಿ 8:15

ನಾನು ಚಾಮರಾಜನಗರದ ಕಡೆಯವನು. ನನ್ನ ಚಿಕ್ಕಪ್ಪನ ಮಗ ತಮಟೆ ಬಾರಿಸಿದರೆ ನಿಂತವರು ನಿಂತಲ್ಲೇ ಕುಣಿಯುತ್ತಾರೆ. ಕ್ರಿಸ್ಮಸ್ ಆರಾಧನೆಯಲ್ಲಿ ಒಂದು ಹಾಡಿಗೆ ಬಾರಿಸುತ್ತೇನೆ ಎಂದು ಕೇಳಿದ. ಸಮಿತಿಯವರು ಬೇಡ ಎಂದರು. ಕಾರಣ: "ದೇವರ ಆಲಯದಲ್ಲಿ ಗದ್ದಲ ಬೇಡ." ಅದೇ ಆಲಯದಲ್ಲಿ ಡ್ರಮ್ ಸೆಟ್ ಇದೆ, ಕಿವಿ ಒಡೆಯುವಂತೆ ಬಾರಿಸುತ್ತಾರೆ.

ಕೀರ್ತನೆ 150ರಲ್ಲಿ ದಮ್ಮಡಿ ಇದೆ. ಚರ್ಮದ ವಾದ್ಯ ತಾನೇ? ತಮಟೆಗೆ ಏಕೆ ಬಾಗಿಲು ಮುಚ್ಚಬೇಕು?

ಹಾರ್ಮೋನಿಯಂ ಮೇಷ್ಟ್ರು | ಡಿಸೆಂಬರ್ 4, ರಾತ್ರಿ 8:50

ನನ್ನ ಹಾರ್ಮೋನಿಯಂ ಕೂಡ 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದದ್ದು. ಅದು ಒಳಗೆ ಕೂರಬಹುದು, ಈ ಮಣ್ಣಿನ ತಮಟೆ ಹೊರಗಿರಬೇಕು ಎನ್ನುವುದು ಸಂಗೀತದ ಮಾತಲ್ಲ. ಬಾರಿಸುವವರ ಬೀದಿ ಯಾವುದು ಎಂದು ನೋಡಿ ಆಡಿದ ಮಾತು.

ಹಳೆಯ ಬೆಂಚು | ಡಿಸೆಂಬರ್ 4, ರಾತ್ರಿ 9:35

ಮಕ್ಕಳೇ, ನನಗೆ 74. ಸ್ವಲ್ಪ ನಿಧಾನಿಸಿ.

ನಾನೂ ಆ ಬೀದಿಯವನೇ. ನನ್ನ ತಂದೆ ತಮಟೆ ಬಾರಿಸುತ್ತಿದ್ದರು. ಇಷ್ಟಪಟ್ಟು ಬಾರಿಸಿದ್ದಲ್ಲ. ಊರಲ್ಲಿ ಯಾರು ಸತ್ತರೂ ಕರೆ ಬರುತ್ತಿತ್ತು, ಹೋಗಲೇಬೇಕಿತ್ತು, ಜ್ವರ ಇದ್ದರೂ. ಕೊಟ್ಟಷ್ಟು ತೆಗೆದುಕೊಂಡು ಬರಬೇಕು. ದೀಕ್ಷಾಸ್ನಾನ ಪಡೆದ ದಿನ ಅವರು ತಮಟೆಯನ್ನು ಒಡೆದು ಒಲೆಗೆ ಹಾಕಿದರು. ಆ ಬೆಂಕಿಯನ್ನು ನಾನು ನೋಡಿದ್ದೇನೆ, ಆಗ ನನಗೆ ಏಳು ವರ್ಷ. ಚರ್ಚಿನೊಳಗೆ ತಮಟೆ ಬೇಡ ಎಂದು ನಮ್ಮಲ್ಲಿ ಮೊದಲು ಹೇಳಿದವರು ಮೇಲಿನವರಲ್ಲ, ನನ್ನ ತಂದೆಯಂಥವರು. ಆ ಸದ್ದು ಕೇಳಿದರೆ ಅವರ ಮುಖ ಬಾಡುತ್ತಿತ್ತು.

ಈಗ ಮೊಮ್ಮಕ್ಕಳು ಅದನ್ನೇ ಹೆಮ್ಮೆಯಿಂದ ಎತ್ತಿಕೊಂಡಿದ್ದಾರೆ. ಬೇಡ ಎನ್ನಲು ನನಗೆ ಮನಸ್ಸಿಲ್ಲ. ಬಾರಿಸಲಿ. ಬಾರಿಸುವ ಮೊದಲು ಸಭೆಯ ಹಿರಿಯರ ಪಕ್ಕದಲ್ಲಿ ಒಂದು ಸಂಜೆ ಕುಳಿತು ಈ ಕಥೆ ಕೇಳಲಿ.

ಗಡಿನಾಡ ತಮಟೆ | ಡಿಸೆಂಬರ್ 4, ರಾತ್ರಿ 10:20

ತಾತಾ, ಈ ಮಾತನ್ನು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ನಮ್ಮ ಅಜ್ಜನೂ ಹಾಗೆಯೇ ಬಿಟ್ಟಿರಬಹುದು, ಮನೆಯಲ್ಲಿ ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಈ ಭಾನುವಾರ ತಮ್ಮನನ್ನು ಕರೆದುಕೊಂಡು ನಮ್ಮ ಸಭೆಯ ಹಿರಿಯರ ಮನೆಗೆ ಹೋಗುತ್ತೇನೆ. ತಮಟೆ ತೆಗೆದುಕೊಂಡು ಹೋಗುವುದಿಲ್ಲ.

ಧರ್ಮಕೇಂದ್ರದ ಹುಡುಗ | ಡಿಸೆಂಬರ್ 5, ಬೆಳಿಗ್ಗೆ 9:00

ನಾನು ಕಥೋಲಿಕ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು, ವಾಚನ ಓದುವುದಕ್ಕೂ ಕಾಣಿಕೆ ಮೆರವಣಿಗೆಗೂ ಶ್ರೀಸಾಮಾನ್ಯರಿಗೆ ಅವಕಾಶವಾಯಿತು. ಕರಾವಳಿಯಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮಕ್ಕಳು ಹೂವು ತರುತ್ತಾರೆ, ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಬೆಳೆದವನ ಬೆವರು ಬಲಿಪೀಠದವರೆಗೆ ಬಂದು ಊಟದ ತಟ್ಟೆಗೆ ಮರಳುತ್ತದೆ. ನಿಮ್ಮಲ್ಲಿ ಕಾಣಿಕೆ ಮೆರವಣಿಗೆ ಇಲ್ಲವೇ?

ವೇದಶಾಲೆಯ ವಿದ್ಯಾರ್ಥಿ | ಡಿಸೆಂಬರ್ 5, ಬೆಳಿಗ್ಗೆ 10:12

ಇದೆ. ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಹುಟ್ಟಿತು. 1950ರಲ್ಲಿ ಹೊಸ ಆರಾಧನಾ ಕ್ರಮ ಸಿದ್ಧವಾದಾಗ ಅದರಲ್ಲಿ ಎರಡು ಸಂಗತಿಗಳನ್ನು ಸೇರಿಸಿದರು. ಒಂದು, ಕೈಯಿಂದ ಕೈಗೆ ಶಾಂತಿಯನ್ನು ಹಂಚುವುದು, ಇದು ಕೇರಳದ ಸಿರಿಯನ್ ಸಭೆಗಳ ರೂಢಿಯಿಂದ ಬಂದದ್ದು. ಎರಡು, ಹಣದ ಕಾಣಿಕೆಯ ಜೊತೆಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸಭೆಯ ಜನರೇ ಮುಂದೆ ತರುವುದು. ಪುಸ್ತಕದಲ್ಲಿದೆ. ಎಷ್ಟೋ ಸಭೆಗಳಲ್ಲಿ ರೊಟ್ಟಿ ಮೊದಲೇ ಮೇಜಿನ ಮೇಲೆ ಮುಚ್ಚಿಟ್ಟಿರುತ್ತದೆ, ತಟ್ಟೆ ಮಾತ್ರ ಮುಂದೆ ಹೋಗುತ್ತದೆ.

ಅಡುಗೆ ಮನೆ ಅಕ್ಕ | ಡಿಸೆಂಬರ್ 5, ಬೆಳಿಗ್ಗೆ 10:40

ಆ ರೊಟ್ಟಿಯನ್ನು ಯಾರು ಮಾಡುತ್ತಾರೆ ಎಂದು ಯಾರಾದರೂ ಕೇಳಿದ್ದೀರಾ? ನಮ್ಮಲ್ಲಿ ಶನಿವಾರ ಸಂಜೆ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನ ಬ್ರೆಡ್ಡು ಬರುತ್ತದೆ. ಅಂಚು ಕತ್ತರಿಸಿ ಸಣ್ಣ ಚೌಕ ಮಾಡಿ ಇಡುತ್ತಾರೆ.

ಬೆಳಗಿನ ಗಂಟೆ | ಡಿಸೆಂಬರ್ 5, ಬೆಳಿಗ್ಗೆ 10:55

ನಮ್ಮಲ್ಲೂ ಅದೇ. ತಿಂಗಳಿಗೆ ಒಂದು ಮನೆಯವರು ಸರದಿಯ ಮೇಲೆ ರೊಟ್ಟಿ ಮಾಡಿ ತಾವೇ ಮುಂದೆ ತಂದರೆ ಹೇಗಿರುತ್ತದೆ?

ಬೇಕರಿ ಒಲೆ | ಡಿಸೆಂಬರ್ 5, ಮಧ್ಯಾಹ್ನ 2:30

ಮಾಡಬಹುದು, ನಾನು ಬೇಕರಿಯವನು ಹೇಳುತ್ತೇನೆ. ಪುಡಿ ಉದುರಬಾರದು, ಅದೇ ಮುಖ್ಯ. ಮೈದಾ ಮತ್ತು ಗೋಧಿ ಹಿಟ್ಟು ಸಮ, ಒಂದು ಚಮಚ ಎಣ್ಣೆ, ಸ್ವಲ್ಪ ಜೇನುತುಪ್ಪ, ಚಿಟಿಕೆ ಉಪ್ಪು. ಈಸ್ಟ್ ಬೇಡ. ಬಿಸಿ ನೀರಿನಲ್ಲಿ ಮೃದುವಾಗಿ ನಾದಿ ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ದಪ್ಪ ಲಟ್ಟಿಸಿ ತವೆಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ. ಮುರಿದರೆ ದಾರದಂತೆ ಬಿಡಿಸಿಕೊಳ್ಳಬೇಕು, ಮರಳಿನಂತೆ ಉದುರಿದರೆ ನೀರು ಕಡಿಮೆಯಾಗಿದೆ ಎಂದರ್ಥ.

ಕಡಲ ಹೆಂಚು | ಡಿಸೆಂಬರ್ 5, ಮಧ್ಯಾಹ್ನ 2:44

ರಾಗಿ ಹಿಟ್ಟು ಸೇರಿಸಬಹುದೇ?

ಬೇಕರಿ ಒಲೆ | ಡಿಸೆಂಬರ್ 5, ಮಧ್ಯಾಹ್ನ 2:51

ಕಾಲು ಭಾಗದವರೆಗೆ. ಹೆಚ್ಚಾದರೆ ಒಡೆಯುತ್ತದೆ.

ಲೆಕ್ಕದ ಪುಸ್ತಕ | ಡಿಸೆಂಬರ್ 5, ಮಧ್ಯಾಹ್ನ 3:20

ಎಲ್ಲವೂ ಸರಿ. ಆದರೆ ಒಂದು ಕಷ್ಟದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಎಲ್ಲರಿಗೂ ಅವಕಾಶ ಕೊಡಬೇಕು ಎಂದು ಶ್ರುತಿ ಇಲ್ಲದವರನ್ನು ಗಾಯನ ತಂಡದಲ್ಲಿ ನಿಲ್ಲಿಸಿದರೆ ಆರಾಧನೆ ಏನಾಗುತ್ತದೆ? ದೇವರಿಗೆ ಕುಂದಿಲ್ಲದ್ದನ್ನು ಕೊಡಬೇಕು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅರೆಬೆಂದದ್ದನ್ನು "ವರ" ಎಂದು ಹೊಗಳಿದರೆ ನಿಜವಾಗಿ ಸಾಧನೆ ಮಾಡಿದವರ ಶ್ರಮಕ್ಕೆ ಬೆಲೆ ಎಲ್ಲಿ?

ಸಂಡೇ ಸ್ಕೂಲ್ ಟೀಚರ್ | ಡಿಸೆಂಬರ್ 5, ರಾತ್ರಿ 9:10

ಸರ್, ನಿಮ್ಮ ಪ್ರಶ್ನೆ ನನಗೂ ಕಾಡುತ್ತಿತ್ತು. ನಡೆದದ್ದನ್ನು ಹೇಳುತ್ತೇನೆ.

ನನ್ನ ತರಗತಿಯಲ್ಲಿ ಹದಿಮೂರು ವರ್ಷದ ಹುಡುಗನಿದ್ದ, ತೊದಲುತ್ತಿದ್ದ. ಯೌವನಸ್ಥರ ಭಾನುವಾರಕ್ಕೆ ವೇದ ಓದಲು ತಾನಾಗಿ ಕೈಯೆತ್ತಿದ. ನಾನು ಹೆದರಿದೆ, ಅವನ ತಾಯಿ ನನಗಿಂತ ಹೆಚ್ಚು ಹೆದರಿದರು. ಅಯ್ಯನವರು "ಎಷ್ಟು ಹೊತ್ತಾದರೂ ಸರಿ" ಎಂದರು. ಮೂರು ವಾರ ಅವನು ದಿನಾ ಸಂಜೆ ನಮ್ಮ ಮನೆಗೆ ಬಂದು ಓದಿದ. ಆ ದಿನ ಆರು ವಚನಗಳಿಗೆ ಏಳು ನಿಮಿಷ ಹಿಡಿಯಿತು. "ಪ" ಅಕ್ಷರದಲ್ಲಿ ಸಿಕ್ಕಿಕೊಂಡ, ಕಣ್ಣು ಮುಚ್ಚಿದ, ಉಸಿರು ತೆಗೆದುಕೊಂಡ, ಮತ್ತೆ ಹಿಡಿದ. ಇಡೀ ಸಭೆ ಉಸಿರು ಬಿಗಿಹಿಡಿದು ಪುಸ್ತಕದಲ್ಲಿ ಬೆರಳಿಟ್ಟು ಅವನ ಜೊತೆ ನಡೆಯುತ್ತಿತ್ತು. ನನ್ನ ಸಭೆ ವೇದವನ್ನು ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಬೇರೆ ಯಾವ ದಿನವೂ ನೋಡಿಲ್ಲ.

ಅವನು ಮೂರು ವಾರ ತಯಾರಿ ಮಾಡಿದ್ದ, ಸರ್. ನಿರರ್ಗಳವಾಗಿ ಓದುವವರು ಪುಟ ಎಲ್ಲಿದೆ ಎಂದು ಅಲ್ಲೇ ನಿಂತು ಹುಡುಕುತ್ತಾರೆ. ಕುಂದಿಲ್ಲದ ಕಾಣಿಕೆ ಯಾವುದು ಎಂದು ನೀವೇ ಹೇಳಿ.

ಲೆಕ್ಕದ ಪುಸ್ತಕ | ಡಿಸೆಂಬರ್ 5, ರಾತ್ರಿ 9:32

ಅವನದ್ದೇ, ಟೀಚರ್. ತಯಾರಿಯ ವಿಷಯದಲ್ಲಿ ನನ್ನ ಮಾತು ನಿಲ್ಲುತ್ತದೆ, ಉಳಿದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಮೋಶೆಯೂ ತನ್ನ ನಾಲಿಗೆ ಮಂದ ಎಂದೇ ಹೇಳಿದ್ದನಲ್ಲವೇ.

ಮರಳುಗಾಡಿನ ಕನ್ನಡಿಗ | ಡಿಸೆಂಬರ್ 6, ರಾತ್ರಿ 12:30

ಗಲ್ಫಿನಿಂದ ಬರೆಯುತ್ತಿದ್ದೇನೆ. ನಮ್ಮದು ಶುಕ್ರವಾರ ಸಂಜೆಯ ಕನ್ನಡ ಆರಾಧನೆ, ಮೂವತ್ತೈದು ಜನ ಸೇರಿದರೆ ಹೆಚ್ಚು. ಬೇರೆ ಭಾಷೆಯ ಸಭೆಗಳೊಂದಿಗೆ ಹಂಚಿಕೊಂಡ ಕೋಣೆ, ಎರಡು ಗಂಟೆಯ ಸಮಯ. ಇಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂರುವಷ್ಟು ಜನರೇ ಇಲ್ಲ. ಊರಿನಲ್ಲಿ ಇಪ್ಪತ್ತು ವರ್ಷ ಬಾಯಿ ತೆರೆಯದ ಒಬ್ಬ ಚಾಲಕ ಇಲ್ಲಿ ಪ್ರಾರ್ಥನೆ ನಡೆಸುತ್ತಾರೆ. ನರ್ಸ್ ಅಕ್ಕಂದಿರು ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದು ಹಾಡು ಕಲಿಸುತ್ತಾರೆ. ಯಾರಿಗೋ ವೀಸಾ ರದ್ದಾದರೆ ಅರ್ಜಿ ಬರೆಯಲು ಗೊತ್ತಿರುವವರು ಒಬ್ಬರಿದ್ದಾರೆ, ಅವರ ಫೋನ್ ರಾತ್ರಿಯೂ ಆಫ್ ಆಗುವುದಿಲ್ಲ. ನಾನು ರಜೆಗೆ ಊರಿನ ಸಭೆಗೆ ಹೋದರೆ ಮತ್ತೆ ಹಿಂದಿನ ಬೆಂಚಿಗೆ ಮರಳುತ್ತೇನೆ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಹಿಡಿ ಅಕ್ಕಿ | ಡಿಸೆಂಬರ್ 6, ಬೆಳಿಗ್ಗೆ 7:15

ಮಿಜೋರಾಂನಲ್ಲಿ ಬುಹ್ಫಾಯ್ ಥಾಮ್ ಎಂಬ ರೂಢಿ ಇದೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಸಭೆಗೆ ಬೇರೆ ಇಡುತ್ತಾರೆ. ಹಣವಿಲ್ಲದ ಮನೆಯೂ ಕೊಡಬಹುದು. ಅಲ್ಲಿನ ಸಭೆಯ ಸೇವೆಗೆ ಆ ಹಿಡಿ ಅಕ್ಕಿಯ ದೊಡ್ಡ ಬಲವಿದೆ. ನಮ್ಮ ತಾಯಿಯೂ ಒಂದು ಡಬ್ಬಿ ಇಟ್ಟಿದ್ದರು, ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ.

ಖಜಾಂಚಿ 18 | ಡಿಸೆಂಬರ್ 6, ಮಧ್ಯಾಹ್ನ 12:05

ವರಗಳನ್ನು ಹುಡುಕಿ ಎನ್ನುತ್ತೀರಿ. ಸಿಕ್ಕ ಮೇಲೆ ಬಿಡುಗಡೆ ಯಾವಾಗ ಎಂದೂ ಮಾತನಾಡಿ. ನಾನು 18 ವರ್ಷದಿಂದ ಖಜಾಂಚಿ. ಮೊದಲ ಐದು ವರ್ಷ ಸಂತೋಷದಿಂದ ಮಾಡಿದೆ. ಈಗ ಭಾನುವಾರ ಬಂದರೆ ಹಣ ಎಣಿಸುವ ಯೋಚನೆಯಲ್ಲೇ ಪ್ರಸಂಗ ಮುಗಿದಿರುತ್ತದೆ. ಬಿಡುತ್ತೇನೆ ಎಂದರೆ "ದೇವರು ಕೊಟ್ಟ ವರ, ಹೂಳಿಡಬೇಡಿ" ಎಂದು ತಲಾಂತಿನ ಸಾಮ್ಯ (ಯಜಮಾನ ಕೊಟ್ಟ ಹಣವನ್ನು ಹೂಳಿಟ್ಟ ಆಳಿನ ಕಥೆ) ಹೇಳುತ್ತಾರೆ. ಹೋದ ವರ್ಷ ಹೆಂಡತಿಗೆ ಆಪರೇಷನ್ ಆದಾಗಲೂ ನಾನು ಆಸ್ಪತ್ರೆಯಲ್ಲಿ ಕುಳಿತು ವೋಚರ್ ಬರೆದೆ.

ಅಡುಗೆ ಮನೆ ಅಕ್ಕ | ಡಿಸೆಂಬರ್ 6, ಮಧ್ಯಾಹ್ನ 12:20

ಅಣ್ಣಾ, ಇದೇ ಜನವರಿಯ ಸಭೆಯಲ್ಲಿ ರಾಜೀನಾಮೆ ಪತ್ರ ಓದಿ ಕೂತುಬಿಡಿ. ಇಬ್ಬರು ಹುಡುಗರಿಗೆ ಆರು ತಿಂಗಳು ಕಲಿಸಿಕೊಡಿ. ನಿಮಗೂ ಪ್ರಸಂಗ ಕೇಳುವ ಹಕ್ಕಿದೆ.

ಹಾರ್ಮೋನಿಯಂ ಮೇಷ್ಟ್ರು | ಡಿಸೆಂಬರ್ 6, ಮಧ್ಯಾಹ್ನ 1:00

ನಾನೂ ಇದನ್ನು ಕೇಳಿಸಿಕೊಳ್ಳಬೇಕು. ಮೂವತ್ತು ವರ್ಷದಿಂದ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಲು ಕೊಟ್ಟಿಲ್ಲ. ಹಾಳು ಮಾಡುತ್ತಾರೆ ಎಂಬ ಭಯ. ಬಿಡುವುದು ಕಷ್ಟ ಎಂದು ಖಜಾಂಚಿಯವರಿಗೆ ಅನ್ನಿಸಿದರೆ, ಕೊಡುವುದು ಕಷ್ಟ ಎಂದು ನನಗೆ. ಮುಂದಿನ ವಾರ ಆ ಗುಂಗುರು ಕೂದಲಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಒಂದು ವರ್ಷದಿಂದ ನನ್ನ ಬೆರಳುಗಳನ್ನೇ ನೋಡುತ್ತಿದ್ದಾಳೆ.

ಬೆಳಗಿನ ಗಂಟೆ | ಡಿಸೆಂಬರ್ 16, ರಾತ್ರಿ 10:05

ತಡವಾಯಿತು, ಕ್ಷಮಿಸಿ. ಏನಾಯಿತು ಎಂದು ಹೇಳಬೇಕು.

ಫಾರಂ ಮಾಡಲಿಲ್ಲ. ನೇತ್ರಾವತಿ ತೀರ ಅವರು ಹೇಳಿದಂತೆ ಎರಡು ವಾರ ಮನೆ ಪ್ರಾರ್ಥನೆಗಳಲ್ಲಿ ಒಂದೇ ಪ್ರಶ್ನೆ ಕೇಳಿದೆವು: "ನಿಮ್ಮ ಮನೆಯವರಲ್ಲದ, ಈ ಸಭೆಯ ಯಾರಿಂದ ನಿಮಗೆ ಸಹಾಯವಾಗಿದೆ? ಏನು ಮಾಡಿದರು?" ಮೊದಲು ಎಲ್ಲರೂ ಸುಮ್ಮನಿದ್ದರು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಲೆಕ್ಕದ ಪುಸ್ತಕ ಅವರ ಮಾತಿನಂತೆ ಎಲ್ಲವನ್ನೂ ಬರೆದುಕೊಂಡೆ.

ಕುಕ್ಕರ್, ಮಿಕ್ಸಿ ದುಡ್ಡು ತೆಗೆದುಕೊಳ್ಳದೆ ರಿಪೇರಿ ಮಾಡಿಕೊಡುವ ಅಣ್ಣ. ಪಿಂಚಣಿ ಅರ್ಜಿ ಬರೆದುಕೊಡುವ ಪಿಯುಸಿ ಹುಡುಗಿ. ಡಯಾಲಿಸಿಸ್‌ಗೆ ಹೋಗುವವರ ಜೊತೆ ವಾರಕ್ಕೆ ಎರಡು ಬಾರಿ ಬಸ್ಸಿನಲ್ಲಿ ಹೋಗಿ ಬರುವವರು, ಅವರು ಸಭೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಐದು ಬೇರೆ ಬೇರೆ ಮನೆಗಳಲ್ಲಿ ಒಬ್ಬರದೇ ಹೆಸರು ಬಂತು. ಹೆಣ್ಣುಮಕ್ಕಳು ತೀರಿಕೊಂಡಾಗ ದೇಹಕ್ಕೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ತಲೆ ಬಾಚುವವರು ಅವರು. ಮನೆಯವರ ಕೈ ನಡುಗುವಾಗ ಅವರೇ ಬಾಗಿಲು ಮುಚ್ಚಿಕೊಂಡು ಎಲ್ಲವನ್ನೂ ಮಾಡುತ್ತಾರೆ. ಟೈಲರ್ ಅಜ್ಜಿಗೂ ಅವರೇ ಮಾಡಿದ್ದರು.

ಅವರ ಮನೆಗೆ ಹೋಗಿ ಕಾಣಿಕೆ ಮೆರವಣಿಗೆಯಲ್ಲಿ ರೊಟ್ಟಿಯನ್ನು ನೀವು ತನ್ನಿ ಎಂದು ಕೇಳಿದೆ. "ನಾನೇ? ಈ ಕೈಯಲ್ಲೇ?" ಎಂದರು. ಹೆಣ ಮುಟ್ಟುವ ಕೈ ಎಂದು ಅವರು ಇಷ್ಟು ವರ್ಷ ಹಬ್ಬದ ಅಡುಗೆಗೂ ಬರದೆ ದೂರ ಇದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ಅಯ್ಯನವರು ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಕ್ರಿಸ್ಮಸ್ ಬೆಳಿಗ್ಗೆ ತರಲು ಒಪ್ಪಿದ್ದಾರೆ. ಬೇಕರಿ ಒಲೆ ಅಣ್ಣನ ಅಳತೆಯಲ್ಲಿ ನಾಲ್ಕು ಬಾರಿ ಮಾಡಿ ನೋಡಿದ್ದಾರೆ, ಮೂರನೆಯದು ಸರಿ ಬಂತಂತೆ, ನಾಲ್ಕನೆಯದು ಇನ್ನೂ ಚೆನ್ನಾಗಿ.

ಹಳೆಯ ಬೆಂಚು | ಡಿಸೆಂಬರ್ 16, ರಾತ್ರಿ 10:30

ದೇವರಿಗೆ ಸ್ತೋತ್ರ. ಗಡಿನಾಡಿನ ಮಗು ತನ್ನ ಸಭೆಯ ಹಿರಿಯರನ್ನು ನೋಡಿ ಬಂತೋ?

ಗಡಿನಾಡ ತಮಟೆ | ಡಿಸೆಂಬರ್ 16, ರಾತ್ರಿ 10:48

ಹೋಗಿ ಬಂದೆವು, ತಾತಾ. ಮೂರು ಗಂಟೆ ಕುಳಿತಿದ್ದೆವು. ಎದ್ದು ಬರುವಾಗ ಅವರೇ ಕೇಳಿದರು, "ತಮಟೆ ತರಲಿಲ್ಲವೇ?" ಈ ವರ್ಷ ಒಳಗೆ ಬೇಡ ಎಂದು ನಾವೇ ನಿರ್ಧರಿಸಿದೆವು. 24ರ ರಾತ್ರಿ ಮನೆಮನೆಗೆ ಹಾಡುತ್ತ ಹೋಗುವಾಗ ಅವರ ಬಾಗಿಲಿನಿಂದಲೇ ಶುರು ಮಾಡುತ್ತೇವೆ.

ಬೆಳಗಿನ ಗಂಟೆ | ಡಿಸೆಂಬರ್ 17, ಬೆಳಿಗ್ಗೆ 8:20

ಒಂದು ಅವಸರದ ಪ್ರಶ್ನೆ. ಬಟ್ಟೆಗಳ ಜವಾಬ್ದಾರಿಯನ್ನು ಅಜ್ಜಿಯ ಸೊಸೆಯೂ ಇನ್ನಿಬ್ಬರು ಹುಡುಗಿಯರೂ ವಹಿಸಿಕೊಂಡಿದ್ದಾರೆ. ಕ್ರಿಸ್ಮಸ್ಸಿಗೆ ಬಿಳಿ ಬಟ್ಟೆ ಬಿಚ್ಚಿ ನೋಡಿದರೆ ಅಂಚಿನ ಕಸೂತಿಯ ಹತ್ತಿರ ರೂಪಾಯಿ ಅಗಲದ ಮೇಣದ ಕಲೆ ಇದೆ, ಪುನರುತ್ಥಾನದ ಹಬ್ಬದಂದು ಬಿದ್ದದ್ದಿರಬೇಕು. ಆ ವೇಳೆಗೆ ಅಜ್ಜಿಗೆ ಹುಷಾರಿರಲಿಲ್ಲ. ಚೀಟಿಯಲ್ಲಿ ಇದರ ಬಗ್ಗೆ ಏನೂ ಇಲ್ಲ. ಹೇಗೆ ತೆಗೆಯುವುದು?

ಬೆಟಗೇರಿ ಮಗ್ಗ | ಡಿಸೆಂಬರ್ 17, ಬೆಳಿಗ್ಗೆ 8:41

ಉಗುರಿನಿಂದ ಕೀಳಬೇಡಿ, ಎಳೆ ಹರಿಯುತ್ತದೆ. ಮೊದಲು ಐಸ್ ತುಂಡು ಇಟ್ಟು ಮೇಣವನ್ನು ಗಟ್ಟಿ ಮಾಡಿ, ಚಮಚದ ಹಿಂಬದಿಯಿಂದ ಮೆಲ್ಲಗೆ ಎಬ್ಬಿಸಿ. ಉಳಿದದ್ದಕ್ಕೆ ಕೆಳಗೊಂದು ಮೇಲೊಂದು ಅಚ್ಚಿಲ್ಲದ ಕಂದು ಕಾಗದ ಇಟ್ಟು ಇಸ್ತ್ರಿಯನ್ನು ಹದವಾದ ಬಿಸಿಯಲ್ಲಿ ಒತ್ತಿ. ಮೇಣವನ್ನು ಕಾಗದ ಹೀರುತ್ತದೆ, ಪ್ರತಿ ಸಲ ಕಾಗದ ಬದಲಿಸಿ. ಕಸೂತಿಯ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ, ಬಟ್ಟೆ ತಿರುಗಿಸಿ ಹಿಂಬದಿಯಿಂದ.

ಆದ ಮೇಲೆ ಇದನ್ನೂ ಒಂದು ಚೀಟಿಯಲ್ಲಿ ಬರೆದು ಗಂಟಿನ ಮೇಲೆ ಇಡಿ.

ಬೆಳಗಿನ ಗಂಟೆ | ಡಿಸೆಂಬರ್ 17, ಸಂಜೆ 6:15

ಹೋಯಿತು. ಚೀಟಿಯನ್ನು ಸೊಸೆಯ ಮಗಳು ಬರೆದಳು.